ಅಟ್ಟದ ಮೇಲಿನ ಸಂಸಾರ

ಹಾನಗಲ್ಲ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂಬುದು ಒಂದು ಪ್ರತ್ಯೇಕ ರಾಜ್ಯ. ಕೆಳಗೆ ಪಡಸಾಲೆಯಲ್ಲಿ ಒಂದು ಸಂಸಾರ ನಡೆದಿದ್ದರೆ, ಮೇಲೆ ಕತ್ತಲಲ್ಲಿ ಇನ್ನೊಂದು ಸಂಸಾರ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಕಾಲು ಮುರಿದ ಹೊರಸು, ತೂತು ಬಿದ್ದ ತಾಮ್ರದ ಕೊಡ, ಗಾಜಿಲ್ಲದ ಕಂದೀಲು, ಯಾವ ಬೀಗಕ್ಕೂ ಹೊಂದದ ಕೀಲಿಕೈಗಳ ಗೊಂಚಲು, ಮೂರು ತಲೆಮಾರಿನ ಕೂಸುಗಳನ್ನು ತೂಗಿದ ತೊಟ್ಟಿಲು. ಅಟ್ಟ ಏರಿದ ವಸ್ತು ಇಳಿಯುವುದು ಬಲು ಅಪರೂಪ. “ಇರಲಿ, ಎಂದಾದರೂ ಬೇಕಾದೀತು” ಎಂಬ ಒಂದೇ ಮಾತು ಎಲ್ಲವನ್ನೂ ಮೇಲಕ್ಕೆ ಹತ್ತಿಸುವ ಏಣಿ.

2019ರ ಆಗಸ್ಟ್ ತಿಂಗಳ ಮಳೆಯನ್ನು ಹಾವೇರಿ ಜಿಲ್ಲೆಯ ಜನ ಮರೆತಿಲ್ಲ. ವರದೆಯೂ ಧರ್ಮಾ ನದಿಯೂ ಉಕ್ಕಿ ಹರಿದವು. ಮಣ್ಣಿನ ಗೋಡೆಯ ಮನೆಗಳು ನೆನೆನೆನೆದು ಕುಸಿದವು. ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ನಮ್ಮ ಮನೆ ಬೀಳಲಿಲ್ಲ. ಆದರೆ ಹಿತ್ತಿಲ ಕಡೆಯ ಗೋಡೆ ಹೊಟ್ಟೆ ಬಿಟ್ಟಿತು. ಮುಂದೊಂದು ಬೇಸಿಗೆಯಲ್ಲಿ ಮನೆ ಬಿಚ್ಚಿಸಿ, ಅದೇ ಜಾಗದಲ್ಲಿ ಚಿಕ್ಕದೊಂದು ಸಿಮೆಂಟಿನ ಮನೆ ಕಟ್ಟಿಸುವುದೆಂದು ಅಣ್ಣತಮ್ಮಂದಿರು ಕೂಡಿ ನಿಶ್ಚಯಿಸಿದೆವು. ಹೊಸ ಮನೆಯ ನಕ್ಷೆಯಲ್ಲಿ ಅಟ್ಟವಿರಲಿಲ್ಲ.

ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಅಣ್ಣನ ಮಗಳು ನನಗೆ ಇದರ ಶಾಸ್ತ್ರವನ್ನು ಬೋಧಿಸಿದಳು. ಜಪಾನಿನ ಮೇರಿ ಕೊಂಡೊ ಎಂಬಾಕೆ 2011ರಲ್ಲಿ ಬರೆದ ಪುಸ್ತಕವೊಂದು ಹಲವು ಭಾಷೆಗಳಿಗೆ ಇಳಿದು, ಲಕ್ಷಗಟ್ಟಲೆ ಮಾರಾಟವಾಗಿ, ಮನೆ ಒಪ್ಪಮಾಡುವುದನ್ನೇ ಒಂದು ವಿದ್ಯೆಯನ್ನಾಗಿಸಿತಂತೆ. ಕ್ರಮ ಸರಳವಾದುದು. ಮೊದಲು ಬಟ್ಟೆ, ಆ ಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಹೀಗೆ ಒಂದು ಜಾತಿಯದನ್ನೆಲ್ಲ ಒಂದೆಡೆ ರಾಶಿ ಹಾಕಬೇಕು. ಒಂದೊಂದನ್ನೇ ಕೈಯಲ್ಲಿ ಹಿಡಿದು, ಇದರಿಂದ ಮನಸ್ಸು ಅರಳುವುದೇ ಎಂದು ಕೇಳಿಕೊಳ್ಳಬೇಕು. ಅರಳಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಇಷ್ಟು ದಿನದ ಸೇವೆಗೆ ಉಪಕಾರ ಹೇಳಿ ಕಳಿಸಿಕೊಡಬೇಕು. ಮೂರನೆಯ ಮಗುವಾದ ಮೇಲೆ ಮನೆ ಒಪ್ಪವಾಗಿಡುವ ಹಟವನ್ನು ತಾನೂ ಸಡಿಲಿಸಿರುವುದಾಗಿ ಆಕೆಯೇ 2023ರಲ್ಲಿ ಹೇಳಿಕೊಂಡಳು. ಅದನ್ನು ಓದಿ ನಮ್ಮ ಅತ್ತಿಗೆಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮನೆ ಹಗುರ ಮಾಡುವ ರೂಢಿ ನಮ್ಮಲ್ಲೂ ಉಂಟು. ಮಹಾನವಮಿ ಹತ್ತಿರ ಬಂದರೆ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೆ ಹೊರಡುತ್ತಿದ್ದವು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಅಡಕಲ ಗಡಿಗೆಗಳಿಗೆ ಹೊಸ ಮಸಿ ಒರಸು. ಬಿಡು ಎಂಬ ಉಪದೇಶಕ್ಕೂ ಈ ಸೀಮೆಯಲ್ಲಿ ಬರವಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ನಾಯಕತನವನ್ನೇ ತೊರೆದರು. ಹಿರೇಕೆರೂರು ಸೀಮೆಯವನೆಂದು ಜನ ಹೇಳುವ ಸರ್ವಜ್ಞ ಊರೂರು ತಿರುಗಿದನು. ಆದರೆ ಇವರೆಲ್ಲ ಮನೆಯನ್ನೇ ಬಿಟ್ಟು ನಡೆದವರು. ಮನೆಯಲ್ಲಿದ್ದುಕೊಂಡು ಅಟ್ಟವನ್ನು ಖಾಲಿ ಮಾಡುವ ಸಂಕಟ ಅವರಿಗೆ ಬರಲಿಲ್ಲವೆಂದು ತೋರುತ್ತದೆ.

ಅಟ್ಟ ಇಷ್ಟು ತುಂಬಿದ್ದು ನಮ್ಮ ಆಸೆಬುರುಕತನದಿಂದಲೇ ಎಂದು ಹೇಳಿದರೆ ಅನ್ಯಾಯವಾದೀತು. ಊರಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುವ ಕಲ್ಲು ಮೂಲೆ ಸೇರಿತು. ನಳ ಬಂದಿತು, ಕೊಪ್ಪರಿಗೆ ಒಣಗಿತು. 1956ರ ಕಾಯಿದೆಯ ತರುವಾಯ ಕಿಲೋ, ಲೀಟರುಗಳು ರೂಢಿಗೆ ಬಂದು ಕೊಳಗ, ಸೇರು, ಪಾವುಗಳು ಕೆಲಸ ಕಳೆದುಕೊಂಡವು. ಜೋಳ ಬಿತ್ತುತ್ತಿದ್ದ ಹೊಲಗಳಿಗೆ ಗೋವಿನಜೋಳ ಬಂದಿತು. ಅದು ಮನೆಗೆ ಬರುವ ಬೆಳೆಯಲ್ಲ, ಕಣದಿಂದ ನೇರವಾಗಿ ಪೇಟೆಗೆ ಹೋಗುವ ಬೆಳೆ. ಹಗೇವು ಮುಚ್ಚಿತು, ಕಣಜ ಬರಿದಾಯಿತು, ಅವುಗಳ ಸುತ್ತಲಿನ ಬುಟ್ಟಿ, ಮರ, ಜರಡಿಗಳೆಲ್ಲ ಅಟ್ಟ ಹತ್ತಿದವು. ಇವು ಕೆಟ್ಟು ಮೇಲೇರಿದ ವಸ್ತುಗಳಲ್ಲ. ಗಟ್ಟಿಯಾಗಿದ್ದಾಗಲೇ ಕೆಲಸ ತಪ್ಪಿದವು.

ಇರಲಿ. ನಾನು ಮೂರು ದಿನ ಅಟ್ಟದ ಮೇಲೆ ಕುಳಿತೆನು. ಒಂದೊಂದನ್ನೇ ಹಿಡಿದು ಕೇಳಿಕೊಂಡೆನು. ಅಪ್ಪನ ಎಲೆಯಡಿಕೆಯ ಚಂಚಿಯನ್ನು ಕಂಡೊಡನೆ ಮನಸ್ಸು ಅರಳಿತು. ಒಂದು ಮಡಿಕೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. ಸವಣೂರಿನ ಎಲೆಯ ಹೊರತು ಬೇರೆ ಎಲೆಯನ್ನು ಅಪ್ಪ ಎಲೆಯೆಂದೇ ಲೆಕ್ಕಿಸುತ್ತಿರಲಿಲ್ಲ. ಚಂಚಿಯ ಬಟ್ಟೆಗೆ ಆ ವಾಸನೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಇಟ್ಟುಕೊಂಡೆನು. ಆಯೇರಿಯ ಪಾತ್ರೆಗಳು ಮಾತ್ರ ಬಹಳ ಕಾಡಿದವು. ಒಂದೊಂದರ ಅಂಚಿನಲ್ಲಿಯೂ ಕೊಟ್ಟವರ ಹೆಸರು ಕೊರೆದಿತ್ತು. ಹೆಸರಿದ್ದವರಲ್ಲಿ ಬಹಳ ಜನ ಈಗಿಲ್ಲ. ತೂಕಕ್ಕೆ ಹಾಕುವುದು ಪಾತ್ರೆಯನ್ನೋ ಹೆಸರನ್ನೋ ತಿಳಿಯಲಿಲ್ಲ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು, ನಾಲ್ಕನ್ನು ಉಳಿಸಿ, ಮಿಕ್ಕುದನ್ನು ಮೋಡಕಾದವನ ಗಾಡಿಗೆ ಹಾಕಿದೆನು. ಅದರ ಸಂಗಡ ತಳಕ್ಕೆ ಬೆಸುಗೆ ಹಾಕಿದ್ದ ಹಿತ್ತಾಳೆಯ ಅರ್ಧಸೇರೂ ಹೋಯಿತು. ಅದನ್ನು ಹಿಡಿದಾಗ ನನ್ನ ಮನಸ್ಸಿನಲ್ಲಿ ಏನೂ ಅರಳಲಿಲ್ಲ.

ಆ ಸಂಜೆ ಅವ್ವ ಕೇಳಿದಳು: “ತಮ್ಮಾ, ಅರ್ಧಸೇರು ಎಲ್ಲಿ ಇಟ್ಟೀ?”

“ಅದು ಮೂವತ್ತು ವರ್ಷದಿಂದ ಅಟ್ಟದ ಮ್ಯಾಲ ಬಿದ್ದಿತ್ತಲ್ಲವ್ವಾ?”

“ಬಿದ್ದಿದ್ದಿಲ್ಲ. ಅಲ್ಲಿ ಐತಿ ಅನ್ನೂದು ನನಗ ಗೊತ್ತಿತ್ತು.”

ಹೊಸ ಸೊಸೆಯಾಗಿ ಆ ಮನೆಯ ಹೊಸ್ತಿಲಿಗೆ ಬಂದ ದಿನ ಅವ್ವ ಬಲಗಾಲಿನಿಂದ ಉರುಳಿಸಿ ಒಳಗೆ ಬಂದ ಅಕ್ಕಿಯ ಅಳತೆ ಅದು. ನಮ್ಮ ಮದುವೆಗಳ ಕಾಲಕ್ಕೆ ಹೊಳೆಯುವ ಸ್ಟೀಲಿನ ಪಾತ್ರೆ ಬಂದಿದ್ದರಿಂದ ನಮಗಾರಿಗೂ ಇದು ತಿಳಿದಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಮರುದಿನ ಮುಂಜಾನೆ ನಾನು ಮೋಡಕಾದವನನ್ನು ಹುಡುಕಿಕೊಂಡು ಹಾನಗಲ್ಲಿಗೆ ಓಡಿದೆನು. ಹಿಂದಿನ ರಾತ್ರಿಯೇ ಮಾಲು ಲಾರಿ ಹತ್ತಿ ಹುಬ್ಬಳ್ಳಿಗೆ ಹೋಗಿತ್ತು. ಅವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬೇರೆಯವರ ವಸ್ತುಗಳಿಗೆ ಕೈ ಹಚ್ಚಬಾರದು, ತನ್ನದನ್ನು ಮಾತ್ರ ಒಪ್ಪಮಾಡಬೇಕು ಎಂದು ಆ ಜಪಾನಿನ ಪುಸ್ತಕದಲ್ಲಿಯೇ ಎಚ್ಚರಿಕೆ ಇದೆಯೆಂದು ಅಣ್ಣನ ಮಗಳು ಆ ಮೇಲೆ ಹೇಳಿದಳು. ಮೊದಲೇ ಹೇಳಬಹುದಿತ್ತು! ಆದರೆ ನನ್ನ ತೊಡಕು ಅಷ್ಟಕ್ಕೆ ಬಗೆಹರಿಯುವುದಿಲ್ಲ. ಕೂಡಿ ಬಾಳಿದ ಮನೆಯಲ್ಲಿ ಯಾವುದು ಯಾರದು? ತೊಟ್ಟಿಲನ್ನು ಮಾಡಿಸಿದವನು ಅಜ್ಜ, ಮಲಗಿದವರು ನಾವು ಐವರು, ತೂಗಿದವಳು ಅವ್ವ, ಅದನ್ನು ಬೇಡಿದವಳು ಹಿರೇಕೆರೂರಿಗೆ ಕೊಟ್ಟ ತಂಗಿ. ಪ್ರೀತಿ ಹಿಡಿದವನ ಕೈಯಲ್ಲಿಯೇ ಇರಬೇಕೆಂದೇನೂ ಇಲ್ಲ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕುಳಿತವಳಲ್ಲಿಯೂ ಇದ್ದೀತು.

ಉಳಿದ ಸಾಮಾನಿಗಾಗಿ ನಾವು ಬೇರೊಂದು ದಾರಿ ಹಿಡಿದೆವು. ಎಲ್ಲವನ್ನೂ ಪಡಸಾಲೆಯಲ್ಲಿ ಹರಡಿ, ಮಕ್ಕಳು ಸೊಸೆಯಂದಿರನ್ನೆಲ್ಲ ಕರೆಸಿ, ಅವ್ವನನ್ನು ನಡುವೆ ಕೂರಿಸಿದೆವು. ಕೆಲಸ ಮೂರು ಪಟ್ಟು ನಿಧಾನವಾಯಿತು. ಜಗಳವೂ ಆಯಿತು. ಆದರೆ ಯಾವುದೂ ಕಥೆ ಹೇಳದೆ ಹೊರಗೆ ಹೋಗಲಿಲ್ಲ. ತೊಟ್ಟಿಲು ಹಿರೇಕೆರೂರಿನ ದಾರಿ ಹಿಡಿಯಿತು. ಒನಕೆ ಯಾರಿಗೂ ಬೇಡವಾಯಿತು. ಅದನ್ನು ನೋಡಬೇಕೆನಿಸಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋದರಾಯಿತು ಎಂದು ತಮ್ಮ ನಕ್ಕನು. ಹೆದ್ದಾರಿಯ ಪಕ್ಕದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರು ಹಳ್ಳಿಯ ಬದುಕನ್ನೆಲ್ಲ ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ್ದಾರೆ. ನಾವು ಮನೆಯಿಂದ ಹೊರಗೆ ಹಾಕಿದ ಬಾಳನ್ನು ಅಲ್ಲಿ ತಿಕೀಟು ಕೊಂಡು ನೋಡಿ ಬರುತ್ತೇವೆ.

ಹಳೆಯ ಸೀರೆಗಳ ಗಂಟಿನ ವಿಷಯದಲ್ಲಿ ಮಾತ್ರ ಚರ್ಚೆಯೇ ಏಳಲಿಲ್ಲ. ಅಜ್ಜಿಯ ಇಳಕಲ್ಲ ಸೀರೆ, ಅವ್ವನ ನೂಲಿನ ಸೀರೆಗಳು, ಅಪ್ಪನ ಧೋತರ, ಹುಡುಗರ ಅಂಗಿ. ಎಲ್ಲ ಸವೆದವು, ಎಲ್ಲ ಹರಿದವು, ಯಾವುದೂ ಒಬ್ಬರದಾಗಿ ಇಡಲು ಬರುವಂತಿರಲಿಲ್ಲ. ಇದಕ್ಕೆ ನಮ್ಮ ಹೆಂಗಸರು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದಾರೆ: ಕೌದಿ. ಗಟ್ಟಿ ಉಳಿದ ಭಾಗಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಪದರದ ಮೇಲೆ ಪದರವಿಟ್ಟು, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ದಾರ ಓಡಿಸುವುದು. ನೆರೆಯ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಇದೇ ಜಾತಿಯ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಹೊಲಿಗೆ ಮುಗಿಯುವ ಮುನ್ನ ಕೊನೆಯ ಮೂಲೆಯಲ್ಲಿ ಒಂದು ಚೂರು ಅನ್ನವನ್ನೋ ಹೋಳಿಗೆಯನ್ನೋ ಇಟ್ಟು ಮುಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿಯಬಾರದು. ಅವ್ವ ಕಣ್ಣು ಕಾಣದಿದ್ದರೂ ಮೂಲೆಯ ಹೊಲಿಗೆ ತಾನೇ ಹಾಕುವೆನೆಂದು ಹಟ ಹಿಡಿದಳು. ಹಾಕಿದಳು ಕೂಡ, ಸೊಟ್ಟಾಗಿದೆ.

ಹಾನಗಲ್ಲೇ ಹಿಂದಿನ ವಿರಾಟನಗರವೆಂದು ನಮ್ಮೂರ ಹಿರಿಯರು ಹೇಳುತ್ತಾರೆ. ರಾಜ್ಯ, ಅರಮನೆ, ಹೆಸರು ಎಲ್ಲವನ್ನೂ ಕಳಚಿ ಬಂದ ಪಾಂಡವರು ಆಯುಧಗಳನ್ನು ಮಾತ್ರ ಗಂಟು ಕಟ್ಟಿ ಬನ್ನಿಯ ಮರದ ಮೇಲಿಟ್ಟರಷ್ಟೆ. ವರ್ಷವಿಡೀ ಅವರು ಅದನ್ನು ಮುಟ್ಟಲಿಲ್ಲ. ಅಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ಹೊಸ ಮನೆಯಲ್ಲಿ ಈಗ ಅಕ್ಕಿಯ ಡಬ್ಬದೊಳಗೆ ಸ್ಟೀಲಿನ ಲೋಟವೊಂದಿದೆ. ಇಷ್ಟು ಲೋಟಕ್ಕೆ ಒಂದು ಅರ್ಧಸೇರು ಎಂದು ಅವ್ವ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದಾಳೆ. ಅಳತೆ ಸ್ವಲ್ಪ ಕಡಿಮೆ ಬೀಳುತ್ತದೆಂದು ಆಕೆಯ ನಂಬಿಕೆ. ಆದ್ದರಿಂದ ಪ್ರತಿ ಸಲವೂ ಒಂದು ಹಿಡಿ ಅಕ್ಕಿಯನ್ನು ಕೈಯಿಂದಲೇ ಸೇರಿಸುತ್ತಾಳೆ.