ಹಳೇ ಪೋಸ್ಟರ್ ಸಿಕ್ಕರೆ ಮೊದಲು ಕೆಳಗಿನ ಸಾಲು ಓದಿ

ಚಾಮರಾಜನಗರವೇ ಇರಲಿ, ಗುಂಡ್ಲುಪೇಟೆಯೇ ಇರಲಿ, ಗೋಡೆ ಮೇಲಿನ ಸಿನಿಮಾ ಪೋಸ್ಟರ್‌ಗೆ ಆಯಸ್ಸು ಕಡಿಮೆ. ಹೊಸ ಸಿನಿಮಾ ಬಂದರೆ ಅದರ ಮೇಲೇ ಮೈದಾ ಅಂಟು ಬಳಿದು ಇನ್ನೊಂದನ್ನು ಹಚ್ಚಿಬಿಡ್ತಾರೆ. ಮಿಕ್ಕಿದ್ದನ್ನು ಮಳೆ, ಮೇಕೆಗಳು ನೋಡಿಕೊಳ್ಳುತ್ತವೆ. ಹಾಗಾಗಿ ಇವತ್ತು ಸಂಗ್ರಾಹಕರಿಗೆ ಸಿಗುವ ಹಳೇ ಪೋಸ್ಟರ್‌ಗಳು ಸಾಮಾನ್ಯವಾಗಿ ಅಂಟಿಸದೇ ಉಳಿದವು. ಹಂಚಿಕೆದಾರರ ಗೋಡೌನಿನಲ್ಲೋ ಟೆಂಟ್ ಟಾಕೀಸಿನವರ ಅಟ್ಟದಲ್ಲೋ ಮಡಚಿಟ್ಟ ಹಾಳೆಗಳು. ಮಡಿಕೆ ಗುರುತನ್ನು ಕಂಡು ಬೇಸರಪಡಬೇಡಿ, ಅದು ಒಳ್ಳೇ ಲಕ್ಷಣ.

ಅಸಲಿ, ನಕಲಿ ತಿಳಿಯೋದು ಹೇಗೆ? ಮಸೂರ ಹಿಡಿದು ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕ್ರಮವಾಗಿ ಕೂತಿರುತ್ತವೆ, ಇಂಕ್‌ಜೆಟ್ ಪ್ರತಿಯಲ್ಲಿ ಚೆಲ್ಲಾಪಿಲ್ಲಿ. ಆಮೇಲೆ ಅಂಚಿನಲ್ಲಿ ಪುಟ್ಟ ಅಕ್ಷರದ ಸಾಲು ಹುಡುಕಿ. ಮುದ್ರಕರ ಹೆಸರು, ಊರು ಇರಲೇಬೇಕು ಅಂತ 1867ರ ಬ್ರಿಟಿಷ್ ಕಾಯ್ದೆ ಹೇಳಿತ್ತು. ಯಾರು ಏನು ಅಚ್ಚು ಹಾಕ್ತಾರೆ ಅಂತ ಕಣ್ಣಿಡಲು ಮಾಡಿದ ನಿಯಮ ಇವತ್ತು ಸಂಗ್ರಾಹಕರ ಕೈದೀಪ!

ಪೋಸ್ಟರ್ ಅನ್ನೋದು ರಾಜಕೀಯ ದಾಖಲೆಯೂ ಹೌದು. ಜಪಾನ್ 1939ರಲ್ಲೇ ಚಲನಚಿತ್ರ ಕಾಯ್ದೆ ತಂದು ಚಿತ್ರಕಥೆಗಳನ್ನು ಮೊದಲೇ ಪರಿಶೀಲಿಸತೊಡಗಿತು. ಪರ್ಲ್ ಹಾರ್ಬರ್ ದಾಳಿಯನ್ನು ಮೆರೆಸುವ ಸಿನಿಮಾ 1942ರಲ್ಲಿ ನೌಕಾಪಡೆಯ ಬೆಂಬಲದಿಂದಲೇ ಬಂತು. ಸೋತ ಮೇಲೆ, 1945ರ ನವೆಂಬರಿನಲ್ಲಿ, ಅಮೆರಿಕನ್ನರ ಆಡಳಿತ 236 ಚಿತ್ರಗಳನ್ನು ನಿಷೇಧಿಸಿತು. ಅಂಥ ಚಿತ್ರದ ಪೋಸ್ಟರ್ ಇಟ್ಟುಕೊಂಡವರೆಲ್ಲ ಯುದ್ಧಪ್ರಿಯರಲ್ಲ. ಆದರೆ ಈ ಹಿನ್ನೆಲೆ ಬರೆಯದೆ ಚಂದದ ಚಿತ್ರ ಅಂತ ಗೋಡೆಗೆ ಹಾಕಿದರೆ ಆ ಪ್ರಚಾರ ಇನ್ನೊಂದು ಸುತ್ತು ಓಡುತ್ತೆ.

ನಮ್ಮಲ್ಲಿ ನಿಷೇಧ ಬೇಕಾಗಲಿಲ್ಲ, ಉದಾಸೀನವೇ ಸಾಕಾಯ್ತು. ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' (1934) ಚಿತ್ರದ ಪ್ರಿಂಟ್ ಉಳಿದಿಲ್ಲ. ಸಿನಿಮಾನೇ ಹೋದಮೇಲೆ ಪ್ರಚಾರದ ಕಾಗದವೇ ಸಾಕ್ಷಿ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಚಾಮರಾಜನಗರದ ಪಕ್ಕದಲ್ಲೇ, ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. 'ಬೇಡರ ಕಣ್ಣಪ್ಪ' (1954) ಕಾಲದ ಕಾಗದ ಈ ಸೀಮೆಯ ಯಾವ ಟ್ರಂಕಿನ ತಳದಲ್ಲಾದರೂ ಇರಬಹುದು, ಗುಜರಿಗೆ ಹೋಗುವ ಮೊದಲು ತೆಗೆದು ನೋಡೋದು ವಾಸಿ.

ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಎರಡೂ ಬದಿಯ ಫೋಟೊ ತೆಗೆದು, ಯಾವ ಊರಲ್ಲಿ, ಯಾರ ಮನೆಯಲ್ಲಿ ಸಿಕ್ಕಿತು ಅಂತ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.