ಅಂದಂದಿನ ಅನ್ನ

ನೆಮ್ಮದಿ ಬೇಡವೆನ್ನುವವರು ಲೋಕದಲ್ಲಿ ಯಾರೂ ಇಲ್ಲ. ಆದರೆ ಅದು ಎಂದು ದೊರೆಯುವುದೆಂದು ಕೇಳಿದರೆ ನಾವು ಕೊಡುವ ಉತ್ತರಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವು: ಮಗಳ ಮದುವೆಯಾದ ಮೇಲೆ, ಮನೆಯ ಸಾಲ ತೀರಿದ ಮೇಲೆ, ಮಗನಿಗೊಂದು ಕೆಲಸ ಸಿಕ್ಕಿದ ಮೇಲೆ, ನಮಗೆ ನಿವೃತ್ತಿಯಾದ ಮೇಲೆ. ಹೀಗೆ ನಮ್ಮ ನೆಮ್ಮದಿಯು ಯಾವಾಗಲೂ ಮುಂದಿನ ವರ್ಷದ ಪಂಚಾಂಗದಲ್ಲಿಯೇ ಇರುತ್ತದೆ. ಈ ದಿನದ ಪುಟದಲ್ಲಿ ಇರುವುದೇ ಇಲ್ಲ. ಈ ವಿಷಯದಲ್ಲಿ ಕ್ರೈಸ್ತಧರ್ಮವು ಏನು ಹೇಳುತ್ತದೆ, ಅದರ ಮಾತು ನಮ್ಮ ನಾಡಿನ ಬಾಳಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಲೂಕನ ಸುವಾರ್ತೆಯಲ್ಲಿ ಯೇಸುಕ್ರಿಸ್ತನು ಹೇಳಿದ ದೃಷ್ಟಾಂತವೊಂದಿದೆ. ಸಿರಿವಂತನೊಬ್ಬನ ಹೊಲವು ಒಂದು ವರ್ಷ ಸೊಗಸಾಗಿ ಬೆಳೆಯಿತು. ಬೆಳೆದುದನ್ನು ತುಂಬಲು ಕಣಜಗಳು ಸಾಲದೆ ಹೋದುವು. ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಬೇಕು, ಆಮೇಲೆ ಬಹುಕಾಲ ನಿಶ್ಚಿಂತನಾಗಿ ಉಂಡುಟ್ಟು ಇರಬಹುದು ಎಂದು ಅವನು ಲೆಕ್ಕ ಹಾಕಿದನು. ಆ ರಾತ್ರಿಯೇ ಅವನ ಆಯುಸ್ಸು ತೀರಿತು. ಈ ಮನುಷ್ಯನು ಕಳ್ಳನಲ್ಲ, ಸುಳ್ಳುಗಾರನಲ್ಲ, ಮುಂದಾಲೋಚನೆಯುಳ್ಳ ಗೃಹಸ್ಥನು. ಅವನ ತಪ್ಪುಗಳು ಎರಡು. ನೆಮ್ಮದಿಯನ್ನು ನಾಳೆಗೆ ಮುಂದೂಡಿದುದು ಒಂದು. ಅವನ ಲೆಕ್ಕದಲ್ಲಿ ‘ನಾನು’, ‘ನನ್ನದು’ ಎಂಬುದನ್ನು ಬಿಟ್ಟರೆ ನೆರೆಯವನ ಸುಳಿವೇ ಇಲ್ಲದಿದ್ದುದು ಎರಡನೆಯದು. ಈ ಎರಡು ತಪ್ಪುಗಳನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ವಿಷಯದ ಬೀಗದ ಕೈ ದೊರೆತಂತೆಯೇ ಸರಿ.

ಆದರೆ ಸಂತೃಪ್ತಿಯ ಉಪದೇಶವನ್ನು ಒರೆಗೆ ಹಚ್ಚುವುದಕ್ಕೆ ಉಂಡು ಕುಳಿತವರ ಪಡಸಾಲೆ ತಕ್ಕ ಸ್ಥಳವಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಡದಲ್ಲಿ ಮಣ್ಣೂರ ಎಂಬ ಗ್ರಾಮವಿದೆ. ಅಲ್ಲಿಯ ಯಲ್ಲಮ್ಮನ ಗುಡಿ ಹೆಸರಾದದ್ದು. ದತ್ತಕ್ಷೇತ್ರವಾದ ದೇವಲ ಗಾಣಗಾಪುರವಿರುವುದೂ ಇದೇ ತಾಲ್ಲೂಕಿನಲ್ಲಿಯೇ. ಎರೆಯ ನೆಲ, ತೊಗರಿ, ಜೋಳ, ಹತ್ತಿ, ನೀರಿರುವಲ್ಲಿ ಕಬ್ಬು. 1972ರ ಮಹಾಕ್ಷಾಮವು ಮಹಾರಾಷ್ಟ್ರವನ್ನೂ ಕರ್ನಾಟಕದ ಉತ್ತರದ ಜಿಲ್ಲೆಗಳನ್ನೂ ಒಣಗಿಸಿತು. 2020ರ ಅಕ್ಟೋಬರಿನಲ್ಲಿ ಇದಕ್ಕೆ ವಿಪರೀತವಾಯಿತು. ಮೇಲಿನ ಸೀಮೆಯಲ್ಲಿ ಸುರಿದ ಮಳೆ, ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಹರಿಯಬಿಟ್ಟ ನೀರು ಇವೆರಡೂ ಕೂಡಿ ಭೀಮೆಯು ಉಕ್ಕಿ, ಅಫಜಲಪುರ ಜೇವರ್ಗಿ ತಾಲ್ಲೂಕುಗಳ ದಡದ ಊರುಗಳಿಗೆ ನುಗ್ಗಿತು; ನಿಂತ ಪೈರು ನೀರಿನ ಪಾಲಾಯಿತು. ಬರ ಬಂದರೆ ಗುಳೆ, ನೆರೆ ಬಂದರೆ ಗಂಜಿಕೇಂದ್ರ. ಇಂಥ ದಡದಲ್ಲಿ ನಿಂತು, ಹೊಲ ಕಳೆದುಕೊಂಡ ರೈತನಿಗೆ ‘ಇದ್ದುದರಲ್ಲಿ ತೃಪ್ತನಾಗಿರಪ್ಪಾ’ ಎಂದು ಹೇಳಲು ನಮಗೆ ಬಾಯಿ ಬರುವುದೆ? ಹೇಳಿದರೆ ಅದು ಧರ್ಮವಾಗುವುದೆ, ಅಲ್ಲ ನಿರ್ದಯೆಯಾಗುವುದೆ? ಈ ಪ್ರಶ್ನೆಗೆ ಉತ್ತರ ಕೊಡಲಾರದ ಸಂತೃಪ್ತಿಯು ಹೆಸರಿಗೆ ಮಾತ್ರ ಸಂತೃಪ್ತಿ.

ಕ್ರೈಸ್ತಧರ್ಮವು ಈ ಸೀಮೆಗೆ ನಿನ್ನೆ ಮೊನ್ನೆ ಬಂದುದಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದಾರೆ. ಬೀದರ, ಕಲಬುರಗಿಗಳಲ್ಲಿ ಮೆಥೊಡಿಸ್ಟ್ ಸಭೆಗಳಿವೆ. 2005ರಲ್ಲಿ ಕಲಬುರಗಿಯು ಕಥೋಲಿಕರ ಧರ್ಮಪ್ರಾಂತದ ಕೇಂದ್ರವೂ ಆಯಿತು. ಇವರು ಎಣಿಕೆಯಲ್ಲಿ ಅಲ್ಪರು. ಆದರೆ ಇವರು ದಿನದಿನವೂ ಹೇಳುವ ಪ್ರಾರ್ಥನೆಯಲ್ಲಿರುವ ವಿಚಾರವು ನೆರೆಹೊರೆಯ ಒಕ್ಕಲು ಮಕ್ಕಳಿಗೆಲ್ಲ ಸಂಬಂಧಪಟ್ಟದ್ದು.

ಮೊದಲು ‘ಸಂತೃಪ್ತಿ’ ಎಂಬ ಮಾತನ್ನೇ ನೋಡೋಣ. ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದ ಕೊನೆಯಲ್ಲಿ, ತಾನು ಎಂಥ ಸ್ಥಿತಿಯಲ್ಲಿಯೂ ತೃಪ್ತನಾಗಿರುವುದನ್ನು ಕಲಿತಿರುವುದಾಗಿ ತಿಳಿಸುತ್ತಾನೆ. ಅವನು ಉಪಯೋಗಿಸಿರುವ ಗ್ರೀಕ್ ಪದವು ಸ್ಟೋಯಿಕ ದಾರ್ಶನಿಕರಿಗೆ ಪ್ರಿಯವಾದದ್ದು. ಹೊರಗಿನ ಯಾವುದನ್ನೂ ಅವಲಂಬಿಸದೆ ತನ್ನಲ್ಲಿ ತಾನೇ ಪೂರ್ಣನಾಗಿರುವುದು ಎಂಬುದು ಅದರ ಅರ್ಥ. ಪೌಲನು ಪದವನ್ನು ಅವರಿಂದ ತೆಗೆದುಕೊಂಡು ಅರ್ಥವನ್ನು ತಿರುಗಿಸಿದನು. ತನ್ನ ಬಲವು ತನ್ನದಲ್ಲ, ಕ್ರಿಸ್ತನು ಕೊಟ್ಟದ್ದು ಎಂದನು. ಈ ಪತ್ರದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಬರೆದವನು ಸೆರೆಯಲ್ಲಿದ್ದನು, ಆದಕಾರಣ ಇದು ಸುಖವಾಗಿದ್ದವನ ಉಪದೇಶವಲ್ಲ. ಎರಡನೆಯದಾಗಿ, ತೃಪ್ತಿಯು ಹುಟ್ಟುಗುಣವೆಂದು ಅವನು ಹೇಳಲಿಲ್ಲ, ಕಲಿತೆನೆಂದನು. ಅದೂ ಕೊರತೆಯಲ್ಲಿ ಮಾತ್ರವಲ್ಲ, ಸಮೃದ್ಧಿಯಲ್ಲಿಯೂ ಕಲಿಯಬೇಕಾದ ವಿದ್ಯೆಯೆಂದನು. ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಕಳುಹಿಸಿದ್ದ ಸಹಾಯವು ತನಗೆ ಮುಟ್ಟಿತೆಂದು ತಿಳಿಸುವ ಭಾಗದಲ್ಲಿಯೇ ಈ ಮಾತುಗಳು ಬರುತ್ತವೆ. ಎಂದರೆ ಸಂತೃಪ್ತಿಯನ್ನು ಕುರಿತ ಈ ಪ್ರಸಿದ್ಧ ವಾಕ್ಯಗಳು ನೆರವಿಗೆ ಬರೆದ ರಸೀತಿಯೊಳಗೆ ಇವೆ. ಪಡೆದವನು ‘ನಾನು ತೃಪ್ತನು’ ಎನ್ನುತ್ತಾನೆ. ಕಳುಹಿಸಿದವರು ‘ಅವನು ಹೇಗೂ ತೃಪ್ತನು’ ಎಂದು ಕೈಕಟ್ಟಿ ಕುಳಿತಿರಲಿಲ್ಲ. ಈ ಭೇದವು ಬಹು ಮುಖ್ಯವಾದದ್ದು.

ಇನ್ನು ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ. ಅದರಲ್ಲಿ ಶರೀರಕ್ಕಾಗಿ ಬೇಡುವುದು ಒಂದೇ ಒಂದು, ಆಹಾರ. ಆ ಆಹಾರಕ್ಕೆ ಹಚ್ಚಿರುವ ಗ್ರೀಕ್ ವಿಶೇಷಣವು ಬಲು ಅಪರೂಪದ್ದು. ಜನರ ಬಳಕೆಯಲ್ಲಿ ಅದು ಇಲ್ಲವೆಂದು ಮೂರನೆಯ ಶತಮಾನದ ಓರಿಗೆನನೇ ಬರೆದಿದ್ದಾನೆ. ಈ ದಿನಕ್ಕೆ ಸಾಲುವ, ಬರುವ ದಿನಕ್ಕೆ ಬೇಕಾದ, ಜೀವಧಾರಣೆಗೆ ಅವಶ್ಯವಾದ ಎಂದು ವಿದ್ವಾಂಸರು ಬೇರೆ ಬೇರೆ ಅರ್ಥ ಮಾಡುತ್ತಾರೆ. ಯಾವ ಅರ್ಥವನ್ನು ಹಿಡಿದರೂ ಬೇಡಿಕೆಯ ಅಳತೆ ಚಿಕ್ಕದೇ; ಕಣಜ ತುಂಬುವಷ್ಟನ್ನು ಅಲ್ಲಿ ಕೇಳಿಲ್ಲ. ಮೇಲಾಗಿ ಅಲ್ಲಿರುವ ಸರ್ವನಾಮವು ಬಹುವಚನ. ನನಗೆ ಎಂದಲ್ಲ, ನಮಗೆ ಎಂದು ಬೇಡುವುದು. ಪಕ್ಕದ ಮನೆಯ ಒಲೆ ಹೊತ್ತದಿರುವಾಗ ನನ್ನ ತಟ್ಟೆ ತುಂಬಿದ್ದರೆ ಆ ಪ್ರಾರ್ಥನೆಯು ಅರ್ಧ ಮಾತ್ರ ಫಲಿಸಿತೆಂದು ತಿಳಿಯಬೇಕು.

ಈ ಅಳತೆಯ ಮೂಲವು ಹಳೆಯ ಒಡಂಬಡಿಕೆಯಲ್ಲಿದೆ. ಐಗುಪ್ತದ ದಾಸ್ಯದಿಂದ ಹೊರಟ ಇಸ್ರಾಯೇಲ್ ಜನರಿಗೆ ಅರಣ್ಯದಲ್ಲಿ ಮನ್ನವೆಂಬ ಆಹಾರವು ದೊರೆಯಿತು. ಬೆಳಗ್ಗೆ ಎದ್ದು ಅಂದಂದಿಗೆ ಬೇಕಾದಷ್ಟನ್ನು ಆರಿಸಿಕೊಳ್ಳತಕ್ಕದ್ದೆಂದು ಕಟ್ಟಳೆ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಮೆ ಕೂಡಿಸಿದವನಿಗೆ ಸಾಲದಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳುಬಿದ್ದು ನಾರಿತು. ಇದನ್ನು ಕೇಳಿದ ಕನ್ನಡಿಗನಿಗೆ ಇನ್ನೊಂದು ಕಥೆ ನೆನಪಾಗದಿರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದಳು. ಸೀನಾಯಿಯ ಮರಳುಗಾಡಿಗೂ ಕಲ್ಯಾಣದ ಅಂಗಳಕ್ಕೂ ಯಾವ ಕೊಡುಕೊಳೆಯೂ ಇರಲಿಲ್ಲ. ಆದರೂ ಬೇಕಾದದ್ದಕ್ಕಿಂತ ಹೆಚ್ಚಾದದ್ದು ಮನೆಯ ನೆಮ್ಮದಿಯನ್ನು ಕೆಡಿಸುತ್ತದೆಂಬ ಅನುಭವ ಎರಡೂ ಕಡೆ ಒಂದೇ. ಬಡವರ ಮನೆಯ ಹೆಣ್ಣುಮಗಳು ಇದನ್ನು ಕಂಡುಕೊಂಡಳೆಂಬುದು ನಮ್ಮ ನಾಡಿನ ಹೆಮ್ಮೆ.

ಹಾಗಾದರೆ ಕ್ರಿಸ್ತನು ಉದ್ಯೋಗವನ್ನು ಬಿಟ್ಟು ಕುಳಿತಿರಲು ಹೇಳಿದನೆ? ಬೆಟ್ಟದ ಮೇಲಿನ ಪ್ರಸಂಗದಲ್ಲಿ ಅವನು ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಚಿಂತೆಯನ್ನು ಬಿಡಿರೆಂದುದು ನಿಜ. ಆದರೆ ಹಕ್ಕಿಯು ಸೋಮಾರಿಯಲ್ಲ. ಕತ್ತಲು ಹರಿಯುವ ಮೊದಲೇ ಗೂಡು ಬಿಟ್ಟು ಕಾಳು ಹುಡುಕುತ್ತದೆ. ಅದಕ್ಕೆ ಇಲ್ಲದಿರುವುದು ಕೆಲಸವಲ್ಲ, ನಾಳಿನ ಭಯ. ಮಣ್ಣೂರದ ಒಕ್ಕಲಿಗನೂ ಹಿಂಗಾರಿಯ ಜೋಳವನ್ನು ಬಿತ್ತುವಾಗ ಮಾಡಬೇಕಾದುದನ್ನೆಲ್ಲ ಮಾಡುತ್ತಾನೆ. ಹದ ನೋಡುತ್ತಾನೆ, ಬೀಜ ಆರಿಸುತ್ತಾನೆ, ಕುಂಟೆ ಹೊಡೆಯುತ್ತಾನೆ. ಬಿತ್ತಿದ ಮೇಲೆ ಮೊಳಕೆಯನ್ನು ಕೈಯಿಂದ ಎಳೆಯಲಾಗದು. ಮಾಡಬೇಕಾದುದು ಎಲ್ಲಿ ಮುಗಿಯಿತು, ಕಾಯಬೇಕಾದುದು ಎಲ್ಲಿ ಮೊದಲಾಯಿತು ಎಂಬ ಗೆರೆಯನ್ನು ಅರಿಯುವುದೇ ಚಿಂತೆಯಿಲ್ಲದೆ ದುಡಿಯುವ ಗುಟ್ಟು.

ದುಡಿಮೆಯಲ್ಲಿಯೇ ಶಾಂತಿಯನ್ನು ಕಂಡವನೊಬ್ಬನ ಚರಿತ್ರೆಯನ್ನು ಇಲ್ಲಿ ಹೇಳಬಹುದು. 1614ರಲ್ಲಿ ಹುಟ್ಟಿ 1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸನು ಫ್ರಾನ್ಸಿನವನು. ಮೊದಲು ಸಿಪಾಯಿಯಾಗಿದ್ದು ಗಾಯಗೊಂಡು, ತರುವಾಯ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದನು. ವಿದ್ಯಾವಂತನಲ್ಲದ ಅವನ ಪಾಲಿಗೆ ಬಂದದ್ದು ಅಡಿಗೆಮನೆ. ಅವನಿಗೆ ಸ್ವಭಾವತಃ ಒಲ್ಲದ ಕೆಲಸ. ಪಾತ್ರೆಗಳ ಸದ್ದಿನ ನಡುವೆ, ಹತ್ತು ಜನ ಹತ್ತು ವಸ್ತು ಕೇಳುತ್ತಿರುವಾಗಲೂ, ಪೂಜಾವೇಳೆಯಲ್ಲಿದ್ದಷ್ಟೇ ದೇವರ ಸನ್ನಿಧಿಯಲ್ಲಿರುವುದನ್ನು ಅವನು ಅಭ್ಯಾಸ ಮಾಡಿದನು. ಅವನ ಸಂಭಾಷಣೆ, ಪತ್ರಗಳು ಅವನು ಸತ್ತ ಮೇಲೆ ಅಚ್ಚಾಗಿ ಲೋಕವನ್ನೆಲ್ಲ ಸುತ್ತಿದುವು. ಕೆಲಸ ಬದಲಾಗಲಿಲ್ಲ, ಕೆಲಸವನ್ನು ಯಾರಿಗಾಗಿ ಮಾಡುತ್ತೇನೆಂಬ ಭಾವ ಬದಲಾಯಿತು. ಕಚೇರಿಯ ಕಡತಗಳ ಮುಂದೆ, ಮನೆಯ ಒಲೆಯ ಮುಂದೆ ಬೇಸರದಿಂದಿರುವ ನಮಗೆ ಇದು ದೂರದ ಮಾತಲ್ಲ.

ದುಡಿಮೆಗೆ ಮೇರೆಯೂ ಬೇಕು. ಮನ್ನವು ಆರನೆಯ ದಿನ ಇಮ್ಮಡಿಯಾಗಿ ದೊರೆಯಿತು. ಏಳನೆಯ ದಿನ ಯಾರೂ ಹೊರಗೆ ಹೋಗಿ ಆರಿಸಬೇಕಾಗಿರಲಿಲ್ಲ. ಸಬ್ಬತ್ತೆಂಬ ಈ ವಿಶ್ರಾಂತಿಯ ದಿನವು ಯಜಮಾನನಿಗೆ ಮಾತ್ರ ಮೀಸಲಲ್ಲ. ಆಳಿಗೂ ದಾಸಿಗೂ ಪರದೇಶಿಗೂ ಎತ್ತಿಗೂ ಅದು ಸಲ್ಲತಕ್ಕದ್ದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗವಿಡದ ಪದ್ಧತಿಯೊಂದುಂಟು. ಅದು ಬಸವನ ವಾರ. ಬಾಯಿಲ್ಲದ ಪ್ರಾಣಿಗೆ ವಾರಕ್ಕೊಂದು ಬಿಡುವು ಕೊಟ್ಟ ನಾವು, ಮನೆಗೆಲಸದವಳಿಗೆ ಅಷ್ಟನ್ನು ಕೊಟ್ಟಿದ್ದೇವೆಯೆ ಎಂದು ಕೇಳಿಕೊಳ್ಳಬೇಕು. ಬೇರೆಯವರ ವಿಶ್ರಾಂತಿಯನ್ನು ಕಸಿದುಕೊಂಡು ಗಳಿಸಿದ ನಮ್ಮ ವಿರಾಮವು ಶಾಂತಿಯೆನಿಸಲಾರದು.

ಈಗ ಭೀಮೆಯ ದಡದ ಪ್ರಶ್ನೆಗೆ ಬರೋಣ. ಇದಕ್ಕೆ ಯಾಕೋಬನ ಪತ್ರದಲ್ಲಿ ಖಂಡಿತವಾದ ಉತ್ತರವಿದೆ. ಬಟ್ಟೆಯಿಲ್ಲದೆ ಹಸಿದು ಬಂದವನಿಗೆ ಏನನ್ನೂ ಕೊಡದೆ, ಸಮಾಧಾನವಾಗಿ ಹೋಗೆಂದು ಬರಿಮಾತಿನಲ್ಲಿ ಹರಸಿ ಕಳುಹಿಸುವ ಭಕ್ತಿಯು ಸತ್ತ ಭಕ್ತಿ ಎಂದು ಆತನ ಅಭಿಪ್ರಾಯ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡ ಧನಿಕರನ್ನು ಅವನು ಅದೇ ಪತ್ರದಲ್ಲಿ ಇನ್ನೂ ಕಠಿನವಾಗಿ ಖಂಡಿಸುತ್ತಾನೆ. ಆ ಕೂಲಿಯ ಕೂಗು ದೇವರ ಕಿವಿಗೆ ಬಿದ್ದಿದೆಯೆಂದು ಎಚ್ಚರಿಸುತ್ತಾನೆ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೂಡಿಸುವಾಗ ಮನ್ನದ ಕಥೆಯನ್ನೇ ಎತ್ತಿ, ಒಬ್ಬರ ಹೆಚ್ಚಳವು ಇನ್ನೊಬ್ಬರ ಕೊರತೆಯನ್ನು ತುಂಬಬೇಕೆಂದು ವಾದಿಸಿದನು. ಆದ್ದರಿಂದ ಸಂತೃಪ್ತಿಯೆಂಬುದು ನಾನು ನನ್ನ ಆಸೆಗೆ ಹಾಕಿಕೊಳ್ಳುವ ಕಟ್ಟು. ಇನ್ನೊಬ್ಬನ ಹಕ್ಕಿಗೆ ನಾನು ಹಾಕುವ ಕಟ್ಟಲ್ಲ. ಹೊಲ ಮುಳುಗಿದವನು ಪರಿಹಾರವನ್ನು ಕೇಳುವುದು, ಕೂಲಿಯವನು ತನ್ನ ಕೂಲಿಯನ್ನು ಕೇಳುವುದು ಅತೃಪ್ತಿಯಲ್ಲ, ಅದು ನ್ಯಾಯ. ‘ತೃಪ್ತನಾಗಿರು’ ಎಂಬ ಮಾತನ್ನು ಮನುಷ್ಯನು ತನಗೆ ಹೇಳಿಕೊಂಡರೆ ಔಷಧ. ಉಂಡವನು ಹಸಿದವನಿಗೆ ಹೇಳಿದರೆ ಅದೇ ವಿಷ.

ಕನ್ನಡ ಕ್ರೈಸ್ತರ ಬಳಕೆಯಲ್ಲಿ ‘ಶಾಂತಿ’, ‘ಸಮಾಧಾನ’ ಎಂಬೆರಡು ಮಾತುಗಳೂ ಇವೆ. ಇವುಗಳ ಹಿಂದಿರುವ ‘ಶಾಲೋಮ್’ ಎಂಬ ಹೀಬ್ರೂ ಪದಕ್ಕೆ ಸದ್ದಿಲ್ಲದಿರುವುದು ಎಂದಷ್ಟೇ ಅರ್ಥವಲ್ಲ. ಯಾವ ಅಂಗವೂ ಊನವಾಗದೆ ಇಡಿಯಾಗಿರುವುದು, ಕ್ಷೇಮ ಎಂಬ ಅರ್ಥ. ಒಡೆದ ಗಡಿಗೆಯನ್ನು ಮೂಲೆಯಲ್ಲಿಟ್ಟು ಬಾಯಿಮುಚ್ಚಿ ಕುಳಿತರೆ ಅದು ಮೌನವಾದೀತು, ಶಾಲೋಮ್ ಆಗದು.

ಪಟ್ಟಣವಾಸಿಗಳಾದ ನಮ್ಮ ಕಷ್ಟವು ಬೇರೆ ಬಗೆಯದು. ನಮ್ಮಲ್ಲಿ ಬಹುಮಂದಿಗೆ ಅನ್ನದ ಕೊರತೆಯಿಲ್ಲ. ನೆರೆಯವನ ಬಾಳಿನೊಡನೆ ನಮ್ಮ ಬಾಳನ್ನು ಹಗಲಿರುಳು ತೂಗಿ ನೋಡುವ ಚಾಳಿಯುಂಟು. ಇಂದು ಕೈಯಲ್ಲಿರುವ ದೂರವಾಣಿಯೇ ಊರವರ ವೈಭವವನ್ನೆಲ್ಲ ಗಳಿಗೆಗೊಮ್ಮೆ ತಂದು ತೋರಿಸುತ್ತದೆ. ಸಮೃದ್ಧಿಯಲ್ಲಿಯೂ ತೃಪ್ತಿಯನ್ನು ಕಲಿಯಬೇಕೆಂದು ಪೌಲನು ಹೇಳಿದುದು ನಮಗಾಗಿಯೇ ಇರಬೇಕು. ಇದಕ್ಕೊಂದು ಸುಲಭವಾದ ಸಾಧನವನ್ನು ಯೇಸುಸಭೆಯ ಸ್ಥಾಪಕನಾದ ಲೊಯೋಲದ ಇಗ್ನೇಷಿಯಸನು ಹದಿನಾರನೆಯ ಶತಮಾನದಲ್ಲಿ ತನ್ನವರಿಗೆ ಕಲಿಸಿದನು. ಆ ದಿನವನ್ನು ಮನಸ್ಸಿನಲ್ಲಿ ಹಿಂದಿರುಗಿ ನೋಡುವುದು. ಮೊದಲು ದೊರೆತುದಕ್ಕಾಗಿ ದೇವರಿಗೆ ಕೃತಜ್ಞತೆ, ಆಮೇಲೆ ತಪ್ಪಿದುದಕ್ಕಾಗಿ ಪಶ್ಚಾತ್ತಾಪ, ಕಡೆಗೆ ನಾಳೆ ಮಾಡಬೇಕಾದುದರ ಸಂಕಲ್ಪ. ಅಂಗಡಿಯವನು ಕದ ಹಾಕುವ ಮೊದಲು ಅಂದಿನ ಲೆಕ್ಕವನ್ನು ಅಂದೇ ಬರೆದಿಡುವ ಹಾಗೆ ಇದು. ಈ ಲೆಕ್ಕದಲ್ಲಿ ಜಮೆಯನ್ನು ಮೊದಲು ಬರೆಯಬೇಕೆಂಬುದು ವಿಶೇಷ. ಕ್ರೈಸ್ತರಲ್ಲದವರೂ ಇದನ್ನು ತಮ್ಮ ತಮ್ಮ ಇಷ್ಟದೈವದ ಮುಂದೆ ಮಾಡಿ ನೋಡಬಹುದು.

ಒಟ್ಟಿನಲ್ಲಿ ಕ್ರೈಸ್ತರ ಸಂತೃಪ್ತಿಗೆ ಅಳತೆಗಳು ಎರಡು. ನನಗೆ ಇಷ್ಟು ಸಾಕು ಎಂಬುದು ಒಂದು. ನೆರೆಯವನಿಗೆ ಇಷ್ಟು ಸಾಲದು ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಹಿಡಿದವನು ನಿಶ್ಚಿಂತನಾದಾನು, ಆದರೆ ಒಣಗಿಹೋದಾನು. ಎರಡನೆಯದನ್ನು ಮಾತ್ರ ಹಿಡಿದವನು ಲೋಕದ ಭಾರದಿಂದ ಕುಸಿದಾನು. ಎರಡನ್ನೂ ಕೂಡಿ ಹಿಡಿದವನಿಗೆ ನೆಮ್ಮದಿಯು ಮುಂದಿನ ವರ್ಷದವರೆಗೆ ಕಾಯಿಸದೆ ಈ ದಿನವೇ, ಈ ಊಟದ ಹೊತ್ತಿನಲ್ಲಿಯೇ ಮೊದಲಾಗುತ್ತದೆ. ಪಂಕ್ತಿಯಲ್ಲಿ ಇನ್ನೊಬ್ಬರಿಗೆ ಎಲೆ ಹಾಕಲು ಸ್ಥಳವಿದ್ದರೆ ಸಾಕು.