ಇಂಧನವಿಲ್ಲದ ಹಸಿರುಮನೆ: ಶಾಖದ ಜಮಾ-ಖರ್ಚು

ಯೋಜನಾ ವರದಿಯೊಂದನ್ನು ಪರಿಶೀಲಿಸುವಾಗ ಲೆಕ್ಕಪರಿಶೋಧಕನ ದೃಷ್ಟಿ ಮೊದಲು ಹರಿಯುವುದು ಆವರ್ತಕ ವೆಚ್ಚಗಳ ಕಡೆಗೆ. ಶೀತಪ್ರದೇಶದ ಹಸಿರುಮನೆ ಕೃಷಿಯಲ್ಲಿ ಈ ಪೈಕಿ ಲಾಭವನ್ನು ನುಂಗುವಂತಹುದು ಇಂಧನದ ಬಾಬ್ತು. ಆದರೆ ಲಡಾಖಿನ ಅನೇಕ ಗ್ರಾಮಗಳಲ್ಲಿ ಈ ಬಾಬ್ತೇ ಇಲ್ಲದ ಹಸಿರುಮನೆಗಳು ಚಳಿಗಾಲದಲ್ಲಿಯೂ ಸೊಪ್ಪು ಬೆಳೆದುಕೊಡುತ್ತಿವೆ. ಕೃಷಿ ಆಧಾರಿತ ಉದ್ದಿಮೆಗಳಲ್ಲಿ ಆಸಕ್ತಿಯುಳ್ಳ ಸದಸ್ಯರು ಇದರ ಲೆಕ್ಕಾಚಾರವನ್ನು ಅರಿಯುವುದು ಉಚಿತ.

ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ಚಳಿಗಾಲದ ರಾತ್ರಿಯ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿಯಷ್ಟು ಕೆಳಗಿಳಿಯುವುದುಂಟು. ಹಿಮ ಬಿದ್ದು ಕಣಿವೆಮಾರ್ಗಗಳು ಮುಚ್ಚಿದಾಗ ತಾಜಾ ತರಕಾರಿ ಬರುವುದು ವಿಮಾನದಲ್ಲಿ. ಅದರ ಬೆಲೆಯನ್ನು ಊಹಿಸಬಹುದು. ಆದರೆ ವರ್ಷದ 300ಕ್ಕೂ ಹೆಚ್ಚು ದಿನ ಅಲ್ಲಿ ಬಿಸಿಲಿರುತ್ತದೆ. ಹಗಲಿನ ಈ ಆದಾಯವನ್ನು ರಾತ್ರಿಯ ಖರ್ಚಿಗೆ ಉಳಿಸಿಕೊಳ್ಳುವುದೇ ಅಲ್ಲಿನ ಹಸಿರುಮನೆಯ ಮರ್ಮ.

ಕಟ್ಟಡವು ಪೂರ್ವ-ಪಶ್ಚಿಮವಾಗಿ ಉದ್ದಕ್ಕಿರುತ್ತದೆ. ದಕ್ಷಿಣಕ್ಕೆ ಮಾತ್ರ ಪಾಲಿಥೀನ್ ಹಾಳೆ. ಉಳಿದ ಮೂರು ಕಡೆ ಹಸಿ ಇಟ್ಟಿಗೆಯ ಜೋಡಿ ಗೋಡೆ, ನಡುವೆ ಒಣಹುಲ್ಲು. ಒಳಗೋಡೆ ಶಾಖವನ್ನು ಸಂಗ್ರಹಿಸುತ್ತದೆ, ಹುಲ್ಲು ಅದು ಹೊರಹೋಗದಂತೆ ತಡೆಯುತ್ತದೆ. ಗೋಡೆಯ ಒಳಮೈಗೆ ಶಾಖ ಹೀರಲೆಂದು ಕೆಲವೆಡೆ ಕಪ್ಪು ಬಣ್ಣ, ಬೆಳಕನ್ನು ಗಿಡಗಳತ್ತ ತಿರುಗಿಸಲೆಂದು ಕೆಲವೆಡೆ ಬಿಳಿ. ಡಿಸೆಂಬರ್ ಮಧ್ಯಾಹ್ನ ಲೇಹ್‌ನಲ್ಲಿ ಸೂರ್ಯ ಕ್ಷಿತಿಜದಿಂದ ಸುಮಾರು 32 ಡಿಗ್ರಿ ಮಾತ್ರ ಮೇಲಿರುವುದರಿಂದ ಬಿಸಿಲು ಓರೆಯಾಗಿ ನೇರ ಹಿಂಬದಿಯ ಗೋಡೆಯನ್ನೇ ತಲುಪುತ್ತದೆ. ಜೆರೆಸ್ ಸಂಸ್ಥೆ ಸ್ಥಳೀಯ ಸಂಸ್ಥೆಗಳೊಡಗೂಡಿ ಹರಡಿದ ಈ ಮಾದರಿಗೆ 2009ರಲ್ಲಿ ಆಶ್ಡೆನ್ ಪ್ರಶಸ್ತಿ ಸಂದಿತು.

ಗೋಡೆಗೆ ಪೂರಕವಾಗಿ ನೀರು ತುಂಬಿದ ಕಪ್ಪು ಪೀಪಾಯಿಗಳನ್ನೂ ಇಡಬಹುದು. ಸಮಗಾತ್ರದ ಮಣ್ಣಿಗಿಂತ ನೀರು ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. 200 ಲೀಟರಿನ ಒಂದು ಪೀಪಾಯಿ ರಾತ್ರಿಯಲ್ಲಿ 10 ಡಿಗ್ರಿ ತಣಿದರೆ ಬಿಟ್ಟುಕೊಡುವ ಶಾಖ, ವಿದ್ಯುತ್ತಿನ ಲೆಕ್ಕದಲ್ಲಿ 2.3 ಯೂನಿಟ್. ಒಂದು ಲೀಟರ್ ಸೀಮೆಎಣ್ಣೆಯಲ್ಲಿರುವುದು ಸುಮಾರು 10 ಯೂನಿಟ್. ಅಂದರೆ ಹತ್ತು ಪೀಪಾಯಿಗಳು ಒಂದು ರಾತ್ರಿಗೆ ಎರಡು ಲೀಟರಿಗೂ ಮಿಗಿಲಾದ ಸೀಮೆಎಣ್ಣೆಯ ಕೆಲಸವನ್ನು ನಿರ್ವಹಿಸುತ್ತವೆ. ಹಳೆಯ ಪೀಪಾಯಿಯ ಬೆಲೆಯನ್ನು ಒಂದು ಋತುವಿನ ಎಣ್ಣೆಯ ಬೆಲೆಯೊಂದಿಗೆ ಹೋಲಿಸಿ ನೋಡುವುದನ್ನು ಓದುಗರಿಗೇ ಬಿಡುತ್ತೇನೆ.

ಸೋರಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಗಾಜಿನಂತಲ್ಲದೆ, ಸಾಮಾನ್ಯ ಪಾಲಿಥೀನ್ ಹಾಳೆಯು ಗಿಡ ಮತ್ತು ಮಣ್ಣು ಹೊರಸೂಸುವ ಶಾಖಕಿರಣಗಳನ್ನು ಬಹುಮಟ್ಟಿಗೆ ಹೊರಕ್ಕೆ ಬಿಟ್ಟುಬಿಡುತ್ತದೆ. ಆದುದರಿಂದ ಮೋಡವಿಲ್ಲದ, ಗಾಳಿಯಾಡದ ರಾತ್ರಿ, ಗೋಡೆಯೇ ಇಲ್ಲದ ಬರಿಯ ಪಾಲಿಥೀನ್ ಗುಡಾರದ ಒಳಗು ಕೆಲವೊಮ್ಮೆ ಹೊರಗಿಗಿಂತಲೂ ತಣ್ಣಗಾಗುವುದುಂಟು! ಸೂರ್ಯಾಸ್ತಕ್ಕೆ ಮುನ್ನ ಹಾಳೆಯ ಮೇಲೆ ದಪ್ಪ ಬಟ್ಟೆ ಅಥವಾ ಟಾರ್ಪಾಲಿನ್ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯುವುದು ಇದಕ್ಕೆ ಪರಿಹಾರ. ಇಡೀ ವ್ಯವಸ್ಥೆಯಲ್ಲಿ ಇದರಷ್ಟು ಅಗ್ಗವಾದುದು ಮತ್ತೊಂದಿಲ್ಲ. ಅಂದಾಜುಪಟ್ಟಿಗಳಲ್ಲಿ ಮೊದಲು ಕೈಬಿಡುವುದೂ ಇದನ್ನೇ. ಬಾಗಿಲಿನ ಸಂದುಗಳನ್ನು ಮುಚ್ಚಿಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಮಧ್ಯಾಹ್ನ ಸ್ವಲ್ಪ ಹೊತ್ತು ಗವಾಕ್ಷಿಯನ್ನು ತೆರೆಯದಿದ್ದಲ್ಲಿ ತೇವ ಹೆಚ್ಚಿ ಬೂಷ್ಟು ತಗಲುವುದು.

ಬೆಳೆಯ ಆಯ್ಕೆಯಲ್ಲಿ ದುರಾಸೆ ಸಲ್ಲದು. ನಡುಚಳಿಗಾಲಕ್ಕೆ ಪಾಲಕ್, ಕೊತ್ತಂಬರಿ, ಮೆಂತ್ಯದಂತಹ ಸೊಪ್ಪುಗಳೇ ಸರಿ. ಟೊಮೆಟೊ ಬಯಸುವವನು ಇಂಧನಕ್ಕೆ ಹಣ ತೆಗೆದಿರಿಸಬೇಕು. ಬೆಂಗಳೂರಿನ ಸುತ್ತಮುತ್ತಲಿನ ಪಾಲಿಹೌಸ್‌ಗಳಲ್ಲಿ ಶಾಖವನ್ನು ಹೊರಹಾಕುವುದೇ ಚಿಂತೆಯಾದ್ದರಿಂದ ಆ ನಕ್ಷೆಯನ್ನು ಹಿಮಾಲಯದ ಗ್ರಾಹಕರಿಗೆ ಒದಗಿಸಲು ಹೊರಡುವ ನಮ್ಮ ತಯಾರಕರು ಎಚ್ಚರ ವಹಿಸಬೇಕು. ಚದರ ಮೀಟರಿನ ದರವನ್ನಷ್ಟೇ ಹೋಲಿಸಿದಲ್ಲಿ ಗೋಡೆಯಿಲ್ಲದ ಗುಡಾರವೇ ಅಗ್ಗವೆಂದು ತೋರುವುದು ಸಹಜ. ಸಾಲ ನೀಡುವ ಬ್ಯಾಂಕು ಎರಡನ್ನೂ ಜನವರಿಯ ಇಳುವರಿಯ ಮೇಲೆ ತೂಗಬೇಕೆಂಬುದು ನನ್ನ ಅಭಿಪ್ರಾಯ. ಸವಕಳಿಯನ್ನೂ ಬೇರ್ಪಡಿಸಿಯೇ ಹಾಕಬೇಕು. ಮಣ್ಣಿನ ಗೋಡೆ ದುರಸ್ತಿಯೊಂದಿಗೆ ದಶಕಗಳ ಕಾಲ ನಿಲ್ಲುತ್ತದೆ. ಹಾಳೆಯ ಆಯುಸ್ಸು ಸುಮಾರು ಐದು ವರ್ಷ. ಹೊಸ ಹಾಳೆಗೆ ಬೇಕಾದ ಮೊತ್ತದ ಐದನೆಯ ಒಂದು ಭಾಗವನ್ನು ಪ್ರತಿ ವರ್ಷ ಸೊಪ್ಪಿನ ಮಾರಾಟದಿಂದಲೇ ತೆಗೆದಿರಿಸತಕ್ಕದ್ದು.